ಎರಡು ಕಾಗದಕ್ಕೂ ಬಿದ್ದ ಮೊಹರು

ಒಕ್ ಮ್ಯೊಂಗ್‌ರಾನ್ ಹೆಂಗಸು ಎಂದು ನಮ್ಮ ಬಜಾರಿನ ನಲವತ್ತು ಅಂಗಡಿಯವರು ಒಂದು ಮಂಗಳವಾರ ಬರೆದುಕೊಟ್ಟೆವು. ಅದೇ ವಾರದ ಗುರುವಾರ, ಅದೇ ನಲವತ್ತು ಜನ, ಅವಳು ಗಂಡಸು ಎಂದು ಬರೆದುಕೊಟ್ಟೆವು. ಎರಡು ಕಾಗದಕ್ಕೂ ನನ್ನ ಮೊಹರು ಬಿದ್ದಿದೆ. ಇದನ್ನು ಹೇಳಿದರೆ ಕೇಳಿದವರು ನಗುತ್ತಾರೆ. ನಗಲಿ. ನನಗೆ ಮಾತ್ರ ಇವತ್ತಿಗೂ ನೆನೆದರೆ ಮೈಯೆಲ್ಲ ಉರಿಯುತ್ತದೆ, ಅದರಲ್ಲಿ ಅರ್ಧ ಉರಿ ನನ್ನ ಮೇಲೆಯೇ.

ನನ್ನ ಹೆಸರು ಸುನ್‌ದೊಕ್. ಮಾಸಾನ್ ಬಂದರಿನ ಹಿಂದೆ, ಮೀನಿನ ಓಣಿಯಲ್ಲಿ, ಇಪ್ಪತ್ತೆಂಟು ವರ್ಷದಿಂದ ಉಪ್ಪು ಹಾಕಿದ ಸೀಗಡಿ, ಸಣ್ಣ ಮೀನು, ಮೀನಿನ ಮೊಟ್ಟೆ ಮಾರುತ್ತಿದ್ದೇನೆ. ನನ್ನ ಅಂಗಡಿಯ ಗೋಡೆಗೆ ಅಂಟಿಕೊಂಡೇ ಮ್ಯೊಂಗ್‌ರಾನಳ ಬಟ್ಟೆ ರಿಪೇರಿ ಅಂಗಡಿ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿಪೆಟ್ಟಿಗೆ, ಬಟ್ಟೆ ಬದಲಿಸುವವರಿಗೆ ಒಂದು ಹೂವಿನ ಪರದೆ, ಅಷ್ಟೇ. ನಮ್ಮಲ್ಲಿ ಉಪ್ಪು ಹಾಕಿದ ಮೀನಿನ ಮೊಟ್ಟೆಗೂ ಮ್ಯೊಂಗ್‌ರಾನ್ ಎಂದೇ ಹೆಸರು. ಹೆಸರು ಅವಳೇ ಇಟ್ಟುಕೊಂಡದ್ದು. ಊರಲ್ಲಿರುವ ಹೆಸರೆಲ್ಲ ಬಿಟ್ಟು ನನ್ನ ಡಬ್ಬದೊಳಗಿನ ಹೆಸರೇ ಬೇಕಿತ್ತಾ ನಿನಗೆ ಎಂದು ನಾನು ಛೇಡಿಸಿದರೆ, ನಿಮ್ಮ ಅಂಗಡಿಯಲ್ಲಿ ಅದೊಂದೇ ಅಲ್ವಾ ಅಕ್ಕ ನಾರದೇ ಇರೋದು ಎನ್ನುತ್ತಿದ್ದಳು.

ಅವಳು ಹುಟ್ಟಿದ್ದು ಗೊಜೆ ದ್ವೀಪದಲ್ಲಿ, ಒಕ್ ಮನೆತನದ ಹಿರಿಯ ಮೊಮ್ಮಗ ಚಾಂಗ್‌ಸು ಎಂಬ ಹೆಸರಿನಲ್ಲಿ. ಹಿರಿಯರಿಗೆ ಎಡೆ ಇಡುವ ದಿನ ಎಲ್ಲರಿಗಿಂತ ಮುಂದೆ ನಿಲ್ಲಿಸಿ ಅಡ್ಡಬೀಳಿಸುತ್ತಿದ್ದರಂತೆ. ಅಡ್ಡಬಿದ್ದು ಎದ್ದವಳೇ ಅಡುಗೆಮನೆಗೆ ಓಡಿ ಚಿಕ್ಕಮ್ಮಂದಿರ ನಡುವೆ ಕೂತುಬಿಡುತ್ತಿದ್ದಳು. ಅಪ್ಪ ಕಿವಿ ಹಿಡಿದು ಎಳೆತಂದು ಗಂಡಸರ ಸಾಲಿನಲ್ಲಿ ಮತ್ತೆ ಕೂರಿಸುತ್ತಿದ್ದನಂತೆ. ವಯಸ್ಸಿಗೆ ಬಂದ ಮೇಲೆ, ನಮ್ಮಲ್ಲಿ ಗಂಡುಹುಡುಗರೆಲ್ಲ ಹೋಗಲೇಬೇಕಾದ ಮಿಲಿಟರಿಗೂ ಹೋಗಿಬಂದಳು. ದೇಶ ಕಾಯೋಕೆ ಅಂತ ಕರೆಸಿ ಮೂವತ್ತು ತಿಂಗಳು ಗುಂಡಿ ಹಚ್ಚಿಸಿದರು ಎಂದು ತಾನೇ ನಗುತ್ತಾಳೆ. ಸಮವಸ್ತ್ರ ಹೊಲಿಯುವ ಆ ಕೋಣೆಯಲ್ಲಿ ಕಲಿತ ಕಸುಬೇ ಮುಂದೆ ಅನ್ನ ಕೊಟ್ಟಿತು. ಬುಸಾನಿನ ಗಾರ್ಮೆಂಟು ಫ್ಯಾಕ್ಟರಿಗಳಲ್ಲಿ ಏಳೆಂಟು ವರ್ಷ ದುಡಿದು, ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳಬೇಕಾದ್ದನ್ನೆಲ್ಲ ಮಾಡಿಸಿಕೊಂಡು, ಭುಜದವರೆಗೆ ಕೂದಲು ಬಿಟ್ಟು ನಮ್ಮ ಓಣಿಗೆ ಬಂದಾಗ ಅವಳಿಗೆ ಮೂವತ್ತೊಂದು. ಈಗ ಐವತ್ತನಾಲ್ಕು.

ಬಜಾರಿನವರಿಗೆ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ನಾವೇನು ಕುರುಡರಲ್ಲ. ಎಲ್ಲ ಹೆಂಗಸರೂ ಸೇರಿ, ಬಟ್ಟೆ ಬಿಚ್ಚಿ ಒಟ್ಟಿಗೇ ಮೀಯುವ ಬಿಸಿನೀರಿನ ಸ್ನಾನದ ಮನೆಗೆ ಹೋಗುವ ರಜೆಯ ದಿನ ಅವಳಿಗೆ ಮಾತ್ರ ಪ್ರತಿಸಲ ತಲೆನೋವು ಬರುತ್ತಿತ್ತು. ಮೊದಲ ವರ್ಷವೇ ನಾವು ಅರ್ಥ ಮಾಡಿಕೊಂಡೆವು, ಅರ್ಥ ಮಾಡಿಕೊಂಡು ಸುಮ್ಮನಾದೆವು. ನಮ್ಮ ದೊಡ್ಡತನ ಎಂದುಕೊಳ್ಳಬೇಡಿ. ಚಳಿಗಾಲದ ಕಿಮ್ಚಿಗೆ ಕೋಸಿನ ಮೂಟೆ ಇಳಿಸಬೇಕಾದಾಗ ಮಾತ್ರ ಎಲ್ಲರಿಗೂ ಅವಳ ತೋಳಿನ ನೆನಪಾಗುತ್ತಿತ್ತು. ಮೂಟೆ ಇಳಿದ ಮೇಲೆ ಅವಳು ಮತ್ತೆ ನಮ್ಮಂತೆ ಹೆಂಗಸಾಗಿ ಕೂತು ಕೋಸಿಗೆ ಖಾರ ಹಚ್ಚುತ್ತಿದ್ದಳು, ಅದರಲ್ಲೂ ನಮಗಿಂತ ಚೆನ್ನಾಗಿ.

ಒಂದೇ ಒಂದು ಕೆಲಸ ಬಾಕಿಯಿತ್ತು. ಗುರುತಿನ ಕಾರ್ಡಿನ ಸಂಖ್ಯೆಯ ಹಿಂದಿನ ಭಾಗ ಅವಳ ವಯಸ್ಸಿನ ಗಂಡಸರಿಗೆ ಒಂದರಿಂದ ಶುರುವಾಗುತ್ತದೆ, ಹೆಂಗಸರಿಗೆ ಎರಡರಿಂದ. ಅವಳದು ಒಂದರಲ್ಲೇ ನಿಂತಿತ್ತು. ಬದಲಿಸಲು ಕೋರ್ಟಿಗೆ ಹೋಗಬೇಕು. ಅವಳ ಮೂವತ್ತು ನಲವತ್ತರ ವಯಸ್ಸಿನಲ್ಲಿ ಕೋರ್ಟು ಹೆತ್ತವರ ಒಪ್ಪಿಗೆ ಪತ್ರ ಕೇಳುತ್ತಿತ್ತು. ಮೊಮ್ಮಕ್ಕಳಾಗುವ ವಯಸ್ಸಿನವರೂ ಅಪ್ಪನ ಮೊಹರು ಹಾಕಿಸಿಕೊಂಡು ಬರಬೇಕು, ಇದೆಂಥ ನ್ಯಾಯವೋ ನನಗೆ ತಿಳಿಯದು. ಅಪ್ಪ ಹಾಕಲಿಲ್ಲ. ಆಮೇಲೆ ಆ ಪತ್ರ ಬೇಡವೆಂದಾಯಿತು, ಅಪ್ಪನೂ ತೀರಿಕೊಂಡ. ಈಗಲಾದರೂ ಹೋಗು ಎಂದರೆ, ಪ್ಯಾಂಟಿನ ಅಂಚು ಮಡಿಸೋಕೆ ನನ್ನ ನಂಬರ್ ಯಾರು ಕೇಳ್ತಾರೆ ಅಕ್ಕ ಎಂದು ಇಸ್ತ್ರಿ ಒತ್ತುತ್ತಿದ್ದಳು.

ಕೇಳುವ ದಿನ ಬಂತು. ಚುಸೊಕ್ ಹಬ್ಬಕ್ಕೆ ಐದು ದಿನವಿತ್ತು. ಮಧ್ಯಾಹ್ನ ನಾಲ್ಕು ಗಂಟೆ, ಓಣಿಯ ತುಂಬ ಜನ. ಶೌಚಾಲಯ ಇರುವುದು ನಮ್ಮ ಓಣಿಯ ಕೊನೆಯಲ್ಲಿ, ನನ್ನ ಅಂಗಡಿಯಿಂದ ಹತ್ತು ಹೆಜ್ಜೆ. ಮ್ಯೊಂಗ್‌ರಾನ್ ಇಪ್ಪತ್ಮೂರು ವರ್ಷದಿಂದ ಹೋಗುವ ಹಾಗೆಯೇ ಹೆಂಗಸರ ಕಡೆಗೆ ಹೋದಳು. ಎದುರಿಗೆ ತೇಗ್ಯು ಬಂದ. ತೇಗ್ಯು ಎಂದರೆ ಅಕ್ಕಿ ಕಡುಬಿನ ಅಂಗಡಿಯಾಕೆಯ ಒಬ್ಬನೇ ಮಗ, ಮೂವತ್ತು ದಾಟಿದವನು. ಸರ್ಕಾರಿ ಪರೀಕ್ಷೆಗೆ ಆರು ವರ್ಷ ಓದಿ, ಆರು ವರ್ಷವೂ ಫೇಲಾಗಿ, ಮನೆಗೆ ಬಂದು ಫೋನಿನಲ್ಲಿ ಯಾರು ಯಾರೋ ಕಿರುಚಾಡುವುದನ್ನು ನೋಡುತ್ತ ಕೂತಿರುತ್ತಿದ್ದ. ಅವನ ಸ್ಕೂಲಿನ ಸಮವಸ್ತ್ರದ ತೋಳು ಪ್ರತಿವರ್ಷ ಉದ್ದ ಬಿಟ್ಟು ಹೊಲಿದುಕೊಟ್ಟವಳು ಇದೇ ಮ್ಯೊಂಗ್‌ರಾನ್.

ಅವನು ಅವಳ ಕೂದಲು ಹಿಡಿದು ಹೊರಗೆ ಎಳೆದದ್ದನ್ನು ನಾನು ಕಣ್ಣಾರೆ ನೋಡಿದೆ. ಹೇಳಿದ ಮಾತನ್ನು ಕಿವಿಯಾರೆ ಕೇಳಿದೆ.

"ಗಂಡಸಾಗಿ ಹುಟ್ಟಿ ಹೆಂಗಸ್ರ ಟಾಯ್ಲೆಟ್ಟಿಗೆ ನುಗ್ತೀಯಾ? ನಿನ್ನಂಥೋರು ಬದುಕಿರ್ಲೇಬಾರ್ದು."

ಮೂರು ಸಲ ಗುದ್ದಿದ. ಅವಳು ಕೈ ಅಡ್ಡ ಹಿಡಿದಾಗ ಆ ಕೈಯನ್ನು ಕಬ್ಬಿಣದ ಬಾಗಿಲ ಸಂದಿಗೆ ಒತ್ತಿ ಬಾಗಿಲು ಎಳೆದ. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ನಾನು ಸೀಗಡಿಯ ಸೌಟು ಹಿಡಿದುಕೊಂಡೇ ಓಡಿ ಅವನ ಬೆನ್ನಿಗೆ ಬಾರಿಸಿದೆ. ಮೀನಿನ ಅಂಗಡಿಯ ಗಂಡಸರು ಬಂದು ಬಿಡಿಸಿದರು.

ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿಕೊಂಡು ಪೊಲೀಸ್ ಚೌಕಿಗೆ ಹೋದೆವು. ಒಳಗೆ ಹೋದ ಕೂಡಲೇ ಚಿಕ್ಕ ವಯಸ್ಸಿನ ಅಧಿಕಾರಿ, ಕೂತ್ಕೊಳ್ಳಿ ಅಮ್ಮ, ನೋವಿದೆಯಾ ಅಮ್ಮ ಎಂದು ನೀರು ಕೊಟ್ಟ. ಕಾರ್ಡು ನೋಡಿದ. ಆಮೇಲೆ ಅವನ ಬಾಯಿಂದ ಅಮ್ಮ ಎನ್ನುವ ಮಾತೇ ಬರಲಿಲ್ಲ. ಮುಂದಿನದೆಲ್ಲ ಗೋಡೆಗೆ ಹೇಳಿದ ಹಾಗೆ ಹೇಳಿದ. ಸಾರ್ವಜನಿಕ ಶೌಚಾಲಯದ ಬಳಿ ಇಬ್ಬರು ಗಂಡಸರ ನಡುವೆ ಜಗಳ ಎಂದು ಮೊದಲ ಸಾಲು ಬರೆದ. ತೇಗ್ಯು ಹೊಡೆಯುತ್ತ ಹೇಳಿದ ಮಾತನ್ನೂ ಬರೆಯಿರಿ ಎಂದು ಮ್ಯೊಂಗ್‌ರಾನ್ ಕೇಳಿದಳು. ಅವಳು ಕೇಳಿದ್ದು ಅದೊಂದನ್ನೇ.

"ಕೈ ಮುರ್ದಿದ್ದು ಬರ್ಕೊಂಡಿದೀನಿ. ಯಾಕೆ ಮುರ್ದ ಅನ್ನೋದಕ್ಕೆ ಇದ್ರಲ್ಲಿ ಜಾಗ ಇಲ್ಲ," ಎಂದ.

"ಜಾಗ ಇಲ್ದೆ ಇದ್ರೆ ಮಾಡು. ಬಿಳಿ ಕಾಗದ ಎಷ್ಟು ಖಾಲಿ ಬಿದ್ದಿದೆ ಅಲ್ಲಿ," ಎಂದು ನಾನು ಬಾಯಿ ಹಾಕಿದೆ. ಸಾಕ್ಷಿಗಳು ಹೊರಗೆ ಕೂರಬೇಕು ಎಂದು ನನ್ನನ್ನು ಬೆಂಚಿಗೆ ಕಳಿಸಿದ.

ಉಚಿತ ನೆರವಿನ ಕಚೇರಿಯ ವಕೀಲೆ ಸಣ್ಣ ಹುಡುಗಿ, ಆದರೆ ಮಾತು ನೇರ. ದ್ವೇಷದಿಂದ ಹೊಡೆದರೆ ಇಷ್ಟು ಶಿಕ್ಷೆ ಎಂದು ಹೇಳುವ ಕಾನೂನು ನಮ್ಮಲ್ಲಿಲ್ಲ, ತಾರತಮ್ಯ ತಡೆಯುವ ಮಸೂದೆಯೊಂದು ಎಷ್ಟೋ ವರ್ಷದಿಂದ ಸಂಸತ್ತಿನ ಬಾಗಿಲಲ್ಲೇ ಕೂತಿದೆ ಎಂದು ಹೇಳಿದಳು. ಹೊಡೆದ ಕಾರಣ ಕಡತದಲ್ಲಿ ದಾಖಲಾದರೆ ಮಾತ್ರ ನ್ಯಾಯಾಧೀಶರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅದಕ್ಕೆ ನಿಮ್ಮ ಸಾಕ್ಷಿ ಮುಖ್ಯ ಎಂದು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ, ಯಾವ ಕೋರ್ಟಿಗೆ ಬೇಕಾದರೂ ಬರುತ್ತೇನೆ ಎಂದೆ.

ಹಬ್ಬ ಮುಗಿದ ಮಾರನೆಯ ದಿನ ತೇಗ್ಯು ಕಡೆಯವರು ಎದುರು ದೂರು ಕೊಟ್ಟರು. ಗಂಡಸೊಬ್ಬ ಕೆಟ್ಟ ಉದ್ದೇಶದಿಂದ ಹೆಂಗಸರ ಶೌಚಾಲಯಕ್ಕೆ ನುಗ್ಗಿದ್ದ, ನಮ್ಮ ಹುಡುಗ ತಡೆದ ಎಂದು. ಪೊಲೀಸರು ಅದನ್ನೂ ಬರೆದುಕೊಂಡರು. ಅದಕ್ಕೆ ಜಾಗವಿತ್ತು ನೋಡಿ. ಮುರಿದ ಕೈಯವಳು ಈಗ ಆರೋಪಿ. ಆ ದೂರು ನಿಂತುಬಿಟ್ಟರೆ ಅವಳ ಹೆಸರು ಸರ್ಕಾರ ಇಡುವ ಲಂಪಟರ ಪಟ್ಟಿಗೆ ಸೇರುತ್ತದೆ, ಅಂಗಡಿ ಮುಚ್ಚಿಕೊಂಡು ಊರು ಬಿಡಬೇಕಾಗುತ್ತದೆ. ವಕೀಲೆ ಹೇಳಿದಳು, ಇನ್ನು ತಡ ಮಾಡಬೇಡಿ, ಕಾರ್ಡಿನ ಅಂಕಿ ಬದಲಿಸಲು ಅರ್ಜಿ ಹಾಕಿ, ಕೋರ್ಟು ನಿಮ್ಮನ್ನು ಹೆಂಗಸು ಎಂದು ಒಪ್ಪಿದರೆ ಎದುರು ದೂರಿಗೆ ಕಾಲೇ ಇರುವುದಿಲ್ಲ. ಆಸ್ಪತ್ರೆಯ ಕಾಗದಗಳೆಲ್ಲ ಇದ್ದವು. ಜೊತೆಗೆ ಇವಳು ಇಷ್ಟು ವರ್ಷದಿಂದ ಹೆಂಗಸಾಗಿಯೇ ಬದುಕಿದ್ದಾಳೆ ಎಂದು ನೆರೆಹೊರೆಯವರ ಖಾತರಿ ಪತ್ರ ಬೇಕಿತ್ತು. ಇಬ್ಬರು ಸಾಕು ಎಂದಳು. ಇಬ್ಬರೇನು, ಇಡೀ ಬಜಾರೇ ಕೊಡುತ್ತದೆ ಎಂದೆ ನಾನು. ದೊಡ್ಡ ಬಾಯಿ ನನ್ನದು.

ಇಲ್ಲಿ ಮೊಹರಿನ ಕತೆ ಹೇಳಬೇಕು. ನಮ್ಮಲ್ಲಿ ಸಹಿಯ ಬದಲು ಪ್ರತಿಯೊಬ್ಬರೂ ತಮ್ಮ ಹೆಸರು ಕೆತ್ತಿದ ಮೊಹರು ಒತ್ತುವುದು ರೂಢಿ. ನಮ್ಮ ಕೈ ಸದಾ ಉಪ್ಪು, ಮೀನಿನ ಲೋಳೆ. ಓಣಿಗೆ ಚಾವಣಿ ಹಾಕಿಸಲು, ಚರಂಡಿ ರಿಪೇರಿಗೆ, ಬಸ್ ನಿಲ್ದಾಣ ಹತ್ತಿರ ತರಲು ಎಂದು ವರ್ಷಕ್ಕೆ ಹತ್ತು ಮನವಿ ಹೋಗುತ್ತಿದ್ದವು. ಒಂದೊಂದಕ್ಕೂ ಕೈ ತೊಳೆದು ಗಲ್ಲಾದಲ್ಲಿ ಮೊಹರು ಹುಡುಕಿ ಕೂರುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಅದಕ್ಕೇ ಒಂದು ವರ್ಷ ಸಭೆ ಸೇರಿ ತೀರ್ಮಾನ ಮಾಡಿದೆವು, ನಲವತ್ತು ಅಂಗಡಿಯವರ ಮೊಹರೂ ವರ್ತಕರ ಸಂಘದ ಮೇಜಿನ ಡ್ರಾಯರಿನಲ್ಲೇ ಇರಲಿ, ಬೇಕಾದಾಗ ಸೆಕ್ರೆಟರಿ ಒತ್ತಿಬಿಡಲಿ ಎಂದು. ಸೆಕ್ರೆಟರಿ ತಾಕ್ ಒಳ್ಳೆಯ ಮನುಷ್ಯ. ಅಂಗಡಿಗಳ ಸಾಲಿನ ಪ್ರಕಾರವೇ ಮೊಹರು ಜೋಡಿಸಿಟ್ಟಿರುತ್ತಾನೆ, ಒಂದೂ ತಲೆಕೆಳಗಾಗಿ ಒತ್ತಿದವನಲ್ಲ. ಆ ಮಂಗಳವಾರ ಮ್ಯೊಂಗ್‌ರಾನಳ ಖಾತರಿ ಪತ್ರಕ್ಕೆ ನಲವತ್ತನ್ನೂ ಒತ್ತಿಕೊಟ್ಟ. ನಾವಿಬ್ಬರೂ ಸಂತೋಷದಿಂದ ವಕೀಲೆಗೆ ತಲುಪಿಸಿ ಬಂದೆವು.

ಬುಧವಾರ ಬೆಳಿಗ್ಗೆ ತೇಗ್ಯು ಅಮ್ಮ ಬಿಸಿ ಕಡುಬಿನ ತಟ್ಟೆ ಹಿಡಿದುಕೊಂಡು ಓಣಿಯ ಆ ತುದಿಯಿಂದ ಈ ತುದಿಗೆ ಬಂದಳು. ಮ್ಯೊಂಗ್‌ರಾನ್ ಕಟ್ಟು ಬದಲಿಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದಳು. ಗಂಡ ಸತ್ತ ಮೇಲೆ ಒಬ್ಬಳೇ ಸಾಕಿದ ಮಗ, ಜೈಲಿಗೆ ಹೋದರೆ ನಾನು ಸಮುದ್ರಕ್ಕೆ ಬೀಳುತ್ತೇನೆ, ಕರುಣೆ ತೋರಿಸಿ ಎಂದು ಕೋರ್ಟಿಗೆ ಒಂದು ಮನವಿ ಬರೆಸಿದ್ದೇನೆ, ನಿನ್ನ ಮೊಹರೂ ಇರಲಿ ಅಕ್ಕ ಎಂದು ನನ್ನ ಮುಂದೆ ಅತ್ತಳು. ಇಪ್ಪತ್ತು ವರ್ಷ ಅವಳ ಕಡುಬು ತಿಂದಿದ್ದೇನೆ. ಆಗಲಿ ಎನ್ನಲಿಲ್ಲ ನಾನು. ಆಗುವುದಿಲ್ಲ ಎಂದೂ ಅನ್ನಲಿಲ್ಲ. ಆಫೀಸಿನಲ್ಲಿ ಕೇಳು ಎಂದೆ. ಕಾಗದದಲ್ಲಿ ಏನಿದೆ ಎಂದು ಓದಿ ನೋಡಲಿಲ್ಲ. ತಟ್ಟೆಯಿಂದ ಎರಡು ಕಡುಬು ತೆಗೆದುಕೊಂಡೆ.

ಚಳಿ ಬಿದ್ದ ಮೇಲೆ, ಡಿಸೆಂಬರಿನಲ್ಲಿ, ಕೋರ್ಟಿನಿಂದ ದಪ್ಪ ಲಕೋಟೆ ಬಂತು. ಮ್ಯೊಂಗ್‌ರಾನ್ ಅದನ್ನು ಎಡಗೈಯಲ್ಲಿ ಹಿಡಿದು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಅರ್ಜಿದಾರರ ಮೇಲೆ ಪೊಲೀಸ್ ಕೇಸು ಇದೆಯೇ ಎಂದು ಕೋರ್ಟು ವಿಚಾರಿಸುತ್ತದಂತೆ. ವಿಚಾರಿಸಿದಾಗ ಎದುರು ದೂರು ಸಿಕ್ಕಿದೆ, ಅದರ ಕಡತದಲ್ಲಿ ತೇಗ್ಯು ಅಮ್ಮ ಬರೆಸಿದ ಕರುಣೆಯ ಮನವಿಯೂ ಸಿಕ್ಕಿದೆ. ನ್ಯಾಯಾಧೀಶರು ಎರಡು ಕಾಗದವನ್ನೂ ಪಕ್ಕದಲ್ಲಿಟ್ಟು ನೋಡಿದ್ದಾರೆ. ಮಂಗಳವಾರದ ಕಾಗದದಲ್ಲಿ ಒಕ್ ಮ್ಯೊಂಗ್‌ರಾನ್ ಎಂಬ ಹೆಂಗಸನ್ನು ನಾವು ಇಪ್ಪತ್ಮೂರು ವರ್ಷದಿಂದ ಬಲ್ಲೆವು ಎಂದಿದೆ. ಗುರುವಾರದ ಕಾಗದದಲ್ಲಿ ಒಕ್ ಚಾಂಗ್‌ಸು ಎಂಬ ಗಂಡಸು ಹೆಂಗಸರ ಶೌಚಾಲಯಕ್ಕೆ ಹೋದದ್ದರಿಂದ ಇಬ್ಬರು ಗಂಡಸರ ನಡುವೆ ಮಾತಿಗೆ ಮಾತು ಬೆಳೆದು ಸಣ್ಣ ತಳ್ಳಾಟವಾಯಿತು ಎಂದಿದೆ. ಅಡಿಯಲ್ಲಿ ಅದೇ ನಲವತ್ತು ಮೊಹರು, ಅದೇ ಸಾಲಿನಲ್ಲಿ.

"ಹದಿನೇಳನೇದು ನಿಮ್ದು ಅಕ್ಕ," ಎಂದಳು. "ಹದಿನೆಂಟನೇದು ನಂದು. ಎರಡ್ರಲ್ಲೂ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಾಕ್ ಡ್ರಾಯರು ತೆರೆದು ಸಾಲಾಗಿ ಒತ್ತಿಕೊಂಡು ಹೋಗಿದ್ದಾನೆ. ಆ ಸಾಲಿನಲ್ಲಿ ಮ್ಯೊಂಗ್‌ರಾನಳ ಮೊಹರೂ ಇದೆ, ತೇಗ್ಯು ಅಮ್ಮನ ಮೊಹರೂ ಇದೆ. ಅಂದರೆ ಮ್ಯೊಂಗ್‌ರಾನ್ ಹೆಂಗಸು ಎಂದು ತೇಗ್ಯು ಅಮ್ಮ ಖಾತರಿ ಕೊಟ್ಟಿದ್ದಾಳೆ. ತನ್ನ ಕೈ ಮುರಿದವನು ಒಳ್ಳೆಯ ಹುಡುಗ, ಕ್ಷಮಿಸಿಬಿಡಿ, ನಾನು ಗಂಡಸು ಎಂದು ಮ್ಯೊಂಗ್‌ರಾನಳೇ ಕೋರ್ಟಿಗೆ ಬೇಡಿಕೊಂಡಿದ್ದಾಳೆ.

ನಾನು ಏಪ್ರನ್ನಿನಲ್ಲೇ ಸಂಘದ ಆಫೀಸಿಗೆ ನುಗ್ಗಿದೆ. ತಾಕ್ ಬಿಸಿ ಬಾರ್ಲಿ ನೀರು ಕುಡಿಯುತ್ತಿದ್ದ. ಕಾಗದ ಓದದೆ ಒತ್ತಿದೆಯಾ ಎಂದು ಕೇಳಿದೆ.

"ಓದೋದು ನನ್ನ ಕೆಲಸ ಅಲ್ಲ ಅಕ್ಕ. ಬಜಾರಿನೋರು ಕಷ್ಟ ಅಂತ ಬಂದ್ರೆ ಎಲ್ಲರ ಮೊಹರೂ ಒತ್ತು ಅಂತ ನೀವೇ ಸಭೇಲಿ ಹೇಳಿದ್ರಿ. ಅವಳೂ ಬಜಾರಿನೋಳು, ಇವಳೂ ಬಜಾರಿನೋಳು."

"ಹೊಡ್ಸಿಕೊಂಡೋಳ ಮೊಹರನ್ನೂ ಒತ್ತಿದೀಯಲ್ಲೋ."

"ಹದಿನೆಂಟನ್ನ ಬಿಟ್ಟು ಒತ್ತಿದ್ರೆ ಸಾಲು ಕೆಡ್ತಿತ್ತು," ಎಂದ. ಅವನ ಮುಖ ನೋಡಿದರೆ ಸುಳ್ಳು ಹೇಳುತ್ತಿಲ್ಲ ಎಂದು ಗೊತ್ತಾಗುತ್ತಿತ್ತು. ಅಂಥವನಿಗೆ ಏನೆಂದು ಬೈಯುವುದು. ಆ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿದವಳೂ ನಾನೇ.

ಕೋರ್ಟು ಎರಡು ವಾರ ಗಡುವು ಕೊಟ್ಟಿತ್ತು. ಮೊಹರು ಒಪ್ಪುವುದಿಲ್ಲ. ಖಾತರಿ ಕೊಡುವವರು ತಮ್ಮ ಕೈಯಾರೆ, ತಮ್ಮ ಮಾತಿನಲ್ಲಿ ಬರೆದು, ಇನ್ನೊಂದು ಕಾಗದಕ್ಕೆ ಮೊಹರು ಹೇಗೆ ಬಿತ್ತು ಎಂದೂ ತಿಳಿಸಿ, ಬೇಕಾದರೆ ಬಂದು ನಿಲ್ಲಬೇಕು. ನಾನು ಓಣಿಯಲ್ಲಿ ಅಂಗಡಿ ಅಂಗಡಿಗೆ ಹೋದೆ. ಮೊಹರು ಇನ್ನೊಂದು ಸಲ ಒತ್ತಿಸಿಕೋ, ಎಷ್ಟು ಬೇಕಾದರೂ ಒತ್ತಿಸಿಕೋ ಎಂದರು. ಕೈಯಲ್ಲಿ ಬರೆದುಕೊಡು ಎಂದರೆ ಒಬ್ಬೊಬ್ಬರದು ಒಂದೊಂದು ನೆವ. ಒಬ್ಬಳಿಗೆ ಕನ್ನಡಕ ಒಡೆದಿದೆ. ಇನ್ನೊಬ್ಬಳ ಅಕ್ಷರ ಕೋಳಿ ಕೆದರಿದ ಹಾಗಿದೆಯಂತೆ. ಏಡಿ ಮಾರುವವನು, ಎರಡೂ ಕಡೆಯವರು ಬೇಕಾದವರು ಅಕ್ಕ, ನಾನು ಯಾರ ಕಡೆಗೂ ಇಲ್ಲ ಎಂದ. ನೀನು ಎರಡೂ ಕಡೆಗಿದ್ದೀಯ, ಎರಡು ಕಾಗದಕ್ಕೂ ನಿನ್ನ ಮೊಹರು ಬಿದ್ದಿದೆ ನೋಡು ಎಂದು ಹೇಳಿ ಬಂದೆ. ನಿಜವಾದ ಕಾರಣ ಎಲ್ಲರಿಗೂ ಗೊತ್ತಿತ್ತು. ಕೈಯಲ್ಲಿ ಬರೆದರೆ ಬರೆದವರು ಯಾರೆಂದು ತೇಗ್ಯು ಅಮ್ಮನಿಗೆ ತಿಳಿಯುತ್ತದೆ, ನಾಳೆ ಬೆಳಿಗ್ಗೆ ಅವಳ ಮುಖ ನೋಡಬೇಕಾಗುತ್ತದೆ.

ನಲವತ್ತರಲ್ಲಿ ನಾಲ್ಕು ಜನ ಬರೆದೆವು. ನಾನು, ನೂಡಲ್ಸ್ ಅಂಗಡಿಯ ಅಜ್ಜಿ, ಚಾಕು ಸಾಣೆಯವನು, ಒಣ ಮೆಣಸಿನಕಾಯಿ ಮಾರುವವಳು. ನಮಗಿಂತ ಮೊದಲು ತೇಗ್ಯು ಅಮ್ಮ ಬರೆದಿದ್ದಳು, ಮುತ್ತಿನಂಥ ಅಕ್ಷರದಲ್ಲಿ, ಇವನಿಗೆ ನಾನು ಯಾವ ಖಾತರಿಯೂ ಕೊಟ್ಟಿಲ್ಲ ಎಂದು.

ನನ್ನ ಪತ್ರಕ್ಕೆ ಮೂರು ದಿನ ಹಿಡಿಯಿತು. ಒಬ್ಬಳು ಹೆಂಗಸು ಎನ್ನುವುದಕ್ಕೆ ಏನೆಂದು ಸಾಕ್ಷಿ ಬರೆಯುವುದು? ಮೊದಲು ಅಡುಗೆ ಚೆನ್ನಾಗಿ ಮಾಡುತ್ತಾಳೆ ಎಂದು ಬರೆದೆ. ಓದಿ ನನಗೇ ನಾಚಿಕೆಯಾಯಿತು, ಸಾಣೆಯವನೂ ಚೆನ್ನಾಗಿಯೇ ಮಾಡುತ್ತಾನೆ. ಹರಿದುಹಾಕಿ ನಡೆದದ್ದನ್ನು ಬರೆದೆ. ಹನ್ನೊಂದು ವರ್ಷದ ಹಿಂದೆ ನನ್ನ ಗರ್ಭಕೋಶ ತೆಗೆದಾಗ, ಹೆಂಗಸರ ವಾರ್ಡಿನಲ್ಲಿ ಆರು ರಾತ್ರಿ ನನ್ನ ಪಕ್ಕ ನೆಲದಲ್ಲಿ ಮಲಗಿ, ನನ್ನ ಮೈ ಒರೆಸಿ, ಬಟ್ಟೆ ಬದಲಿಸಿದವಳು ಮ್ಯೊಂಗ್‌ರಾನ್. ಆ ವಾರ್ಡಿನ ಎಂಟು ಹಾಸಿಗೆಯಲ್ಲಿ ಒಬ್ಬರೂ ಅವಳನ್ನು ಯಾರು ಎಂದು ಕೇಳಲಿಲ್ಲ. ಗರ್ಭಕೋಶ ಹೋದ ಮೇಲೂ ನನ್ನ ಕಾರ್ಡಿನ ಅಂಕಿ ಯಾರೂ ಬದಲಿಸಲಿಲ್ಲ, ನಾನು ಹೆಂಗಸೇ ಎಂದು ಯಾವ ನೆರೆಯವರನ್ನೂ ಕರೆದು ಕೇಳಲಿಲ್ಲ. ಇವಳನ್ನು ಮಾತ್ರ ಯಾಕೆ ಕೇಳುತ್ತೀರೋ ನನಗೆ ತಿಳಿಯದು. ಗುರುವಾರದ ಕಾಗದಕ್ಕೆ ನನ್ನ ಮೊಹರು ಬಿದ್ದದ್ದು ನಾನು ಬೇಡ ಎನ್ನದೆ ಇದ್ದದ್ದರಿಂದ. ತಪ್ಪು ನನ್ನದು.

ಜನವರಿಯಲ್ಲಿ ಕೋರ್ಟಿಗೆ ಹೋದೆವು. ಸಣ್ಣ ಕೋಣೆ, ಬಾಗಿಲು ಮುಚ್ಚಿ ವಿಚಾರಣೆ. ಮ್ಯೊಂಗ್‌ರಾನಳನ್ನು ಅರ್ಧ ಗಂಟೆ ಏನೇನೋ ಕೇಳಿದರು. ಚಿಕ್ಕವಳಿದ್ದಾಗ ಯಾವ ಆಟ ಆಡುತ್ತಿದ್ದೆ ಎಂದೂ ಕೇಳಿದರಂತೆ. ಐವತ್ತನಾಲ್ಕು ವರ್ಷದವಳನ್ನು. ಆಮೇಲೆ ನನ್ನನ್ನು ಕರೆದರು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, ಈ ಎರಡರಲ್ಲಿ ನಿಮ್ಮದು ಯಾವುದು ಎಂದರು.

"ಮೊಹರು ಎರಡ್ರಲ್ಲೂ ನಂದೇ ಸ್ವಾಮಿ. ಮಾತು ಮಾತ್ರ ಈ ಕೈಬರಹದ್ದು," ಎಂದೆ.

ಮಾರ್ಚಿನಲ್ಲಿ ಆದೇಶ ಬಂತು. ಅರ್ಜಿ ಒಪ್ಪಿದ್ದರು. ಹೊಸ ಕಾರ್ಡು ಬಂದ ದಿನ ಮ್ಯೊಂಗ್‌ರಾನ್ ಅದನ್ನು ನನ್ನ ಮುಂದೆ ಇಟ್ಟು, ಆ ಎರಡು ಎಂಬ ಅಂಕಿಯ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕೂತಿದ್ದಳು. ಎದುರು ದೂರನ್ನು ಪೊಲೀಸರು ಮುಚ್ಚಿದರು. ಲಂಪಟರ ಪಟ್ಟಿಯ ಭಯ ಹೋಯಿತು. ನಾವಿಬ್ಬರೂ ಅವತ್ತು ಅಂಗಡಿ ಬೇಗ ಮುಚ್ಚಿ ಏಡಿಯ ಸಾರು ಕುಡಿದೆವು, ಆ ಯಾರ ಕಡೆಗೂ ಇಲ್ಲದವನ ಹತ್ತಿರವೇ ಏಡಿ ಕೊಂಡು.

ಆದರೆ ತೇಗ್ಯುವಿನ ಕೇಸಿನ ತೀರ್ಪು ಅದರ ಹಿಂದೆಯೇ ಬಂತು. ಅವನ ವಕೀಲ ನನ್ನ ಸಾಕ್ಷಿಯ ದಿನ ಗುರುವಾರದ ಕಾಗದವನ್ನು ನನ್ನ ಮೂಗಿನ ಮುಂದೆ ಹಿಡಿದಿದ್ದ. ಹೊಡೆಯುವಾಗ ಅವನು ಹೀಗೆಂದ ಎಂದು ಈಗ ಹೇಳುತ್ತೀರಿ, ಬರೀ ತಳ್ಳಾಟ ಎಂದು ಇಲ್ಲಿ ಮೊಹರು ಒತ್ತಿದ್ದೀರಿ, ಯಾವುದನ್ನು ನಂಬಬೇಕು ಎಂದು. ನಾನು ಏನು ಹೇಳಿದರೂ ಅವನು ಆ ಮೊಹರಿಗೇ ಬೆರಳಿಡುತ್ತಿದ್ದ. ಮೊಹರು ವಾಪಸು ತೆಗೆದುಕೊಂಡದ್ದು ನಾವು ನಾಲ್ವರು, ಮ್ಯೊಂಗ್‌ರಾನ್ ಸೇರಿ ಐವರು. ಉಳಿದ ಮೂವತ್ತೈದು ಹಾಗೆಯೇ ಇದ್ದವು. ತೀರ್ಪಿನಲ್ಲಿ ಬರೆದಿತ್ತು: ಮಾತಿಗೆ ಮಾತು ಬೆಳೆದು ಆದ ಗಾಯ, ಆರೋಪಿಯ ಹೇಳಿಕೆಗಳ ಬಗ್ಗೆ ನಂಬಲರ್ಹ ಸಾಕ್ಷಿಯಿಲ್ಲ, ನೆರೆಯ ಮೂವತ್ತೈದು ವರ್ತಕರು ಕರುಣೆ ಕೋರಿದ್ದಾರೆ. ಬರೀ ದಂಡ ಹಾಕಿ ಬಿಟ್ಟರು. ನಿನ್ನಂಥೋರು ಬದುಕಿರ್ಲೇಬಾರ್ದು ಎಂದ ಮಾತು ಆ ಕಡತದಲ್ಲಿ ಎಲ್ಲಿಯೂ ಇಲ್ಲ. ಅದಕ್ಕೆ ಕಾರಣ ಕಾನೂನು ಮಾತ್ರ ಅಲ್ಲ, ನಾನೂ ಹೌದು. ಎರಡು ಕಡುಬಿಗೆ ನಾನು ಬಾಯಿ ಮುಚ್ಚಿಕೊಂಡಿದ್ದೆ. ಮ್ಯೊಂಗ್‌ರಾನ್ ಇದನ್ನು ಒಂದು ದಿನವೂ ನನಗೆ ಆಡಿ ತೋರಿಸಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ಅವಳು ಬಜಾರಿನ ಶೌಚಾಲಯಕ್ಕೆ ಒಬ್ಬಳೇ ಹೋಗುವುದನ್ನು ಬಿಟ್ಟಿದ್ದಾಳೆ. ನಾನು ಜೊತೆಗೆ ಹೋಗುತ್ತೇನೆ. ದಿನಕ್ಕೆ ಮೂರು ಸಲ ಸೌಟು ಕೆಳಗಿಟ್ಟು ಹೋಗುತ್ತೇನೆ, ಗಿರಾಕಿಗಳು ಬೈಯುತ್ತಾರೆ, ಬೈಯಲಿ. ಹೋದ ತಿಂಗಳು ಒಂದು ಸಂತೆಯ ದಿನ ಉದ್ದ ಸಾಲಿತ್ತು. ನಾವಿಬ್ಬರು ನಿಂತಿದ್ದಾಗ ಹಿಂದಿನಿಂದ ತೇಗ್ಯು ಅಮ್ಮ ಬಂದು ಸೇರಿಕೊಂಡಳು. ತಿರುಗಿ ಹೋಗುತ್ತಾಳೆ ಎಂದುಕೊಂಡೆ, ಹೋಗಲಿಲ್ಲ. ತುಂಬ ಬಡವಾಗಿದ್ದಳು. ತೇಗ್ಯು ಊರು ಬಿಟ್ಟು ಹೋಗಿದ್ದಾನಂತೆ, ಫೋನೂ ಮಾಡುವುದಿಲ್ಲವಂತೆ. ಮೂವರೂ ಒಂದೊಂದೇ ಹೆಜ್ಜೆ ಮುಂದೆ ಸರಿದೆವು. ಕೊನೆಗೆ ಅವಳೇ ಮ್ಯೊಂಗ್‌ರಾನಳ ಬೆನ್ನಿಗೆ ಹೇಳಿದಳು.

"ಆ ಕಾರ್ಡ್ ಮಾಡಿಸ್ಕೊಳ್ಳೋಕೆ ಆಗ್ತಿತ್ತು ಅಂದ್ಮೇಲೆ ಮುಂಚೇನೇ ಮಾಡಿಸ್ಕೊಬಾರ್ದಿತ್ತಾ ನೀನು? ಮಾಡಿಸ್ಕೊಂಡಿದ್ರೆ ನನ್ನ ಮಗನಿಗೆ ಈ ಗತಿ ಬರ್ತಿರ್ಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆದೆ. ಮ್ಯೊಂಗ್‌ರಾನ್ ಸೊಟ್ಟಗೆ ಕೂಡಿಕೊಂಡ ಬಲಗೈಯಿಂದ ನನ್ನ ತೋಳು ಹಿಡಿದು ತಡೆದು, ಹಿಂದೆ ತಿರುಗಿದಳು. ದನಿ ಎತ್ತಲಿಲ್ಲ.

"ಅಕ್ಕ, ಹೊಡೆಯೋಕೆ ಮುಂಚೆ ನಿಮ್ಮ ಮಗ ಕಾರ್ಡ್ ಕೇಳ್ಲಿಲ್ಲ."

ಒಳಗಿನ ಬಾಗಿಲು ತೆರೆದು ಯಾರೋ ಹೊರಗೆ ಬಂದರು. ಸರದಿ ಮ್ಯೊಂಗ್‌ರಾನಳದಾಗಿತ್ತು, ಒಳಗೆ ಹೋದಳು.